ಅಜ್ಜಿಯ ಸಾರು, ಮಗುವಿನ ಕೈ: ಮನೆಯವರನ್ನು ಕಳೆದುಕೊಂಡ ಮಕ್ಕಳ ಜೊತೆ ಅಡುಗೆ ಮಾಡಲು ಸಮಗ್ರ ಮಾರ್ಗದರ್ಶಿ

ಅಡುಗೆ ಮಾಡಿ ಬಡಿಸುತ್ತಿದ್ದವರೇ ತೀರಿಕೊಂಡಾಗ ಮಗು ಎರಡನ್ನು ಕಳೆದುಕೊಳ್ಳುತ್ತದೆ. ಆ ಜೀವ ಹೋಗುತ್ತದೆ, ಅದೇ ದಿನದಿಂದ ತಟ್ಟೆಯ ರುಚಿಯೂ ಬದಲಾಗುತ್ತದೆ. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಮೊದಲು ನೆಂಟರ ಮನೆಯ ಊಟ, ಕಾರ್ಯದ ದಿನ ಅಡುಗೆಭಟ್ಟರ ಊಟ, ಆಮೇಲೆ ಹೋಟೆಲಿನ ಪಾರ್ಸೆಲ್. ಮಗು "ನನಗೆ ಬೇಡ" ಎಂದು ತಟ್ಟೆ ಸರಿಸಿದರೆ ಹಟ ಅನ್ನುತ್ತೇವೆ.

ಆ ಮನೆಯ ಅಡುಗೆಯನ್ನು ಮಗುವಿನ ಜೊತೆ ನಿಂತು ಮತ್ತೆ ಮಾಡುವುದು ಹೇಗೆ ಎಂಬುದು ಇಲ್ಲಿದೆ. ಇದು ಸುಮಾರು 5ರಿಂದ 14 ವರ್ಷದ ಮಕ್ಕಳಿರುವ ಮನೆಗೆ, ಆ ಮಗುವನ್ನು ನೋಡಿಕೊಳ್ಳುತ್ತಿರುವ ಅಪ್ಪ, ಅಮ್ಮ, ಚಿಕ್ಕಮ್ಮ, ಸೋದರತ್ತೆ, ತಾತ ಯಾರಿಗಾದರೂ. ಉದಾಹರಣೆಗೆ ಹಳೇ ಮೈಸೂರು ಕಡೆಯ ತಿಳಿಸಾರು ಮತ್ತು ಅದರ ಪುಡಿಯನ್ನು ತೆಗೆದುಕೊಂಡಿದ್ದೇವೆ. ನಿಮ್ಮ ಮನೆಯದು ಬಸ್ಸಾರೋ, ಕೋಳಿಸಾರೋ, ಎಣ್ಣೆಗಾಯಿಯೋ ಆಗಿದ್ದರೂ ಕ್ರಮ ಇದೇ.

ಒಲೆ ಹಚ್ಚುವ ಮೊದಲು

ಸಾವಿನ ವಿಷಯವನ್ನು ಮಗುವಿಗೆ ನೇರವಾಗಿ ಹೇಳಿದ್ದೀರಾ ಎಂದು ನೋಡಿಕೊಳ್ಳಿ. "ಅಜ್ಜಿ ಮಲಗಿದ್ದಾರೆ", "ದೇವರ ಹತ್ತಿರ ಹೋಗಿದ್ದಾರೆ", "ಊರಿಗೆ ಹೋಗಿದ್ದಾರೆ" ಎಂದಷ್ಟೇ ಕೇಳಿದ ಮಗು, ಅಜ್ಜಿಯ ಸಾರಿನ ವಾಸನೆ ಬಂದ ಕೂಡಲೇ ಅಜ್ಜಿ ವಾಪಸ್ ಬಂದರೆಂದು ಓಡಿ ಬರಬಹುದು. ಐದಾರು ವರ್ಷದ ತನಕ ಸಾವು ಶಾಶ್ವತ ಎಂಬುದು ಪೂರ್ತಿ ಅರ್ಥವಾಗಿರುವುದಿಲ್ಲ. "ಅಜ್ಜಿ ಸತ್ತುಹೋದ್ರು ಪುಟ್ಟ. ಅವರ ಹೃದಯ ನಿಂತುಹೋಯ್ತು. ಇನ್ನು ಅವರು ಬರಲ್ಲ. ಅದು ನಿನ್ನಿಂದ ಆಗಿದ್ದಲ್ಲ." ಈ ಕೊನೆಯ ವಾಕ್ಯವನ್ನು ಬಿಡಬೇಡಿ. "ಊಟ ಮಾಡಲ್ಲ ಅಂತ ಜಗಳ ಮಾಡಿದ್ದೆ, ಅದಕ್ಕೇ ಅಜ್ಜಿ ಸತ್ತರು" ಎಂದು ಒಳಗೊಳಗೇ ನಂಬಿಕೊಂಡ ಮಕ್ಕಳು ಬಹಳ. ಊಟಕ್ಕೆ ಸಂಬಂಧಿಸಿದ ಜಗಳವೇ ಇದ್ದರಂತೂ ಅಡುಗೆಮನೆಗೆ ಕರೆಯುವ ಮೊದಲು ಅದನ್ನು ಬಿಡಿಸಿ ಹೇಳಿ.

ಎರಡನೆಯದಾಗಿ, ಫ್ರಿಜ್ಜು ಮತ್ತು ಅಟ್ಟ ನೋಡಿ. ತೀರಿಕೊಂಡವರ ಕೈಯಲ್ಲಿ ಆದ ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಸಂಡಿಗೆ ಉಳಿದಿದೆಯೇ? ಮನೆ ತೊಳೆಯುವ ಗಡಿಬಿಡಿಯಲ್ಲಿ ಇವು ಚೆಲ್ಲಿಹೋಗುತ್ತವೆ, ಇಲ್ಲವೇ ಗೊತ್ತಿಲ್ಲದೆ ಮುಗಿದುಹೋಗುತ್ತವೆ. ಎರಡೂ ಆಗಬಾರದು. ಒಂದು ಸಣ್ಣ ಗಾಜಿನ ಶೀಶೆಯಲ್ಲಿ ಮೂರು ನಾಲ್ಕು ಚಮಚ ಪುಡಿ ತುಂಬಿ, ಬಿಗಿಯಾಗಿ ಮುಚ್ಚಿ, ದಿನಾಂಕ ಬರೆದ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಡಿ. ಇದರಿಂದ ಎರಡು ಉಪಯೋಗ. ಮಗುವಿಗೆ ಅದು ಅಜ್ಜಿಯ ವಸ್ತು. ನಿಮಗೆ ಹೊಸ ಪುಡಿಯನ್ನು ಹೋಲಿಸಿ ನೋಡಲು ಇರುವ ಒಂದೇ ಮಾದರಿ. ಉಳಿದದ್ದನ್ನು ಬಳಸಬಹುದೇ ಎಂದು ಮಗುವನ್ನೇ ಕೇಳಿ. ಬೇಡ ಅಂದರೆ ಬೇಡ.

ಫೋನಿನಲ್ಲಿರುವ ವಾಟ್ಸಾಪ್ ಧ್ವನಿ ಸಂದೇಶಗಳನ್ನೂ ಈಗಲೇ ಬೇರೆಡೆ ಉಳಿಸಿಡಿ. "ಎರಡು ಸೀಟಿ ಸಾಕು, ಆಮೇಲೆ ಬೆಲ್ಲ ಹಾಕು" ಎಂಬಂಥ ಅರ್ಧ ನಿಮಿಷದ ಸಂದೇಶದಲ್ಲಿ ಇಡೀ ಪಾಕವಿಧಾನದ ಗುಟ್ಟು ಸಿಕ್ಕಿಬಿಡುತ್ತದೆ. ಕೈಬರಹದ ಪುಸ್ತಕವಿದ್ದರೆ ಎಣ್ಣೆ ಕಲೆಯ ಸಮೇತ ಪ್ರತಿ ಪುಟದ ಫೋಟೋ ತೆಗೆಯಿರಿ, ಜೆರಾಕ್ಸ್ ಪ್ರತಿಯನ್ನು ಅಡುಗೆಮನೆಯಲ್ಲಿಟ್ಟುಕೊಳ್ಳಿ. ಮೂಲಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಹಳೆಯ ಶಾಯಿ ಹಾಳಾಗಬಹುದು, ಮತ್ತೆ ಬಿಡಿಸಲೂ ಆಗುವುದಿಲ್ಲ.

ಯಾವಾಗ, ಯಾವ ಅಡುಗೆ

ಸೂತಕದ ದಿನಗಳಲ್ಲಿ ಬೇಡ. ಹಲವು ಮನೆಗಳಲ್ಲಿ ಆಗ ಒಗ್ಗರಣೆಯನ್ನೇ ಹಾಕುವುದಿಲ್ಲ, ಮನೆ ತುಂಬ ಜನ, ಮಗುವಿಗೆ ಒಬ್ಬರ ಪೂರ್ತಿ ಗಮನ ಸಿಗುವುದಿಲ್ಲ. ಹಾಲು-ತುಪ್ಪವೋ ವೈಕುಂಠ ಸಮಾರಾಧನೆಯೋ ನಿಮ್ಮ ಪದ್ಧತಿಯ ಕಾರ್ಯ ಮುಗಿದು, ನೆಂಟರು ಹೊರಟು, ಮಗು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಒಂದು ರಜಾದಿನ ನೋಡಿ. ಮಗುವೇ ಮೊದಲೇ ಕೇಳಿದರೆ ಕಾಯಬೇಡಿ. ಆರು ತಿಂಗಳಾದ ಮೇಲೆ ಕೇಳಿದರೂ ತಡವಾಯಿತು ಅಂದುಕೊಳ್ಳಬೇಡಿ.

ಹಬ್ಬದ ಅಡುಗೆಯಿಂದ ಶುರುಮಾಡುವುದು ಸಾಮಾನ್ಯವಾಗಿ ಆಗುವ ತಪ್ಪು. ಒಬ್ಬಟ್ಟು ಅಂದರೆ ಹೂರಣ ಕಟ್ಟುವುದು, ಕಣಕ ನಾದುವುದು, ತಟ್ಟುವಾಗ ಅದು ಹರಿಯುವುದು; ಮೂರು ಗಂಟೆಯ ಕೆಲಸದ ಕೊನೆಗೆ ಸೋಲು ಕಾದಿರುತ್ತದೆ, ಮತ್ತು ಈಗಷ್ಟೇ ದುಃಖ ಕಂಡ ಮಗುವಿಗೆ ಆ ಸೋಲು ದೊಡ್ಡದಾಗಿ ಕಾಣುತ್ತದೆ. ಮೊದಲ ಅಡುಗೆ ವಾರದ ದಿನಗಳದ್ದಾಗಿರಲಿ, ಮುಕ್ಕಾಲು ಗಂಟೆಯೊಳಗೆ ಮುಗಿಯಲಿ, ಮಗು ಅದನ್ನು ಆ ಕೈಯಿಂದಲೇ ಉಂಡಿರಲಿ. ಸಾರು, ಚಿತ್ರಾನ್ನ, ಮೊಸರನ್ನ, ಅವಲಕ್ಕಿ ಒಗ್ಗರಣೆ, ಅಕ್ಕಿರೊಟ್ಟಿ ಇವೆಲ್ಲ ಸರಿ. ಆಸ್ಪತ್ರೆಗೆ ಡಬ್ಬಿಯಲ್ಲಿ ಒಯ್ಯುತ್ತಿದ್ದ ಗಂಜಿ, ಕಾರ್ಯದ ದಿನ ಬಡಿಸಿದ ವಡೆ ಸದ್ಯಕ್ಕೆ ಬೇಡ.

ಕೇಳುವುದೂ ಹೀಗಿರಲಿ: "ಅಜ್ಜಿ ಮಾಡ್ತಿದ್ದದ್ರಲ್ಲಿ ನಿನಗೆ ಏನು ತಿನ್ನಬೇಕು ಅನ್ಸತ್ತೆ? ಇಬ್ರೂ ಸೇರಿ ಮಾಡೋಣ್ವಾ?" ಉತ್ತರ ಮ್ಯಾಗಿ ಎಂದು ಬಂದರೂ ಒಪ್ಪಿಕೊಳ್ಳಿ. ಅಜ್ಜಿ ಅದಕ್ಕೂ ಏನೋ ಒಂದು ಹಾಕುತ್ತಿದ್ದಿರಬೇಕು.

ಕೈ ಅಳತೆಯನ್ನು ಗ್ರಾಮಿಗೆ ಇಳಿಸುವುದು

ನಮ್ಮ ಮನೆಗಳಲ್ಲಿ ಪಾಕವಿಧಾನ ಪುಸ್ತಕದಲ್ಲಿರುವುದಕ್ಕಿಂತ ಕೈಯಲ್ಲಿರುವುದೇ ಹೆಚ್ಚು. "ಒಂದು ಹಿಡಿ", "ಚಿಟಿಕೆ", "ನೆಲ್ಲಿಕಾಯಿ ಗಾತ್ರ", "ಕಣ್ಣಂದಾಜು". ಅದನ್ನು ಹಿಡಿಯಲು 1 ಗ್ರಾಂ ತನಕ ತೋರಿಸುವ ಅಡುಗೆ ತಕ್ಕಡಿ ಬೇಕು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಆ ಅಡುಗೆಯನ್ನು ಪಕ್ಕದಲ್ಲಿ ನಿಂತು ನೋಡಿದವರು ಯಾರು ಎಂದು ಪಟ್ಟಿ ಮಾಡಿ. ಅಜ್ಜಿಯ ತಂಗಿ, ಸೊಸೆ, ವರ್ಷಗಟ್ಟಲೆ ಮನೆಗೆಲಸಕ್ಕೆ ಬರುತ್ತಿದ್ದವರು, ಪಕ್ಕದ ಮನೆಯವರು. ಕೊನೆಯ ಇಬ್ಬರನ್ನು ಕೇಳುವುದನ್ನೇ ನಾವು ಮರೆಯುತ್ತೇವೆ, ಹಲವು ಸಲ ಅವರಿಗೇ ಹೆಚ್ಚು ಗೊತ್ತಿರುತ್ತದೆ. ಅವರಿಗೆ "ಎಷ್ಟು ಹಾಕ್ತಿದ್ರು?" ಎಂದು ಕೇಳಿದರೆ "ಸ್ವಲ್ಪ" ಎಂಬ ಉತ್ತರವೇ ಬರುತ್ತದೆ. ಹಾಗೆ ಕೇಳಬೇಡಿ. ತಕ್ಕಡಿಯ ಮೇಲೆ ಖಾಲಿ ಬಟ್ಟಲಿಟ್ಟು ಸೊನ್ನೆಗೆ ತಂದು, ಧನಿಯದ ಡಬ್ಬಿ ಮುಂದಿಟ್ಟು "ಅವರು ಹಾಕೋ ಹಾಗೆ ಹಾಕಿ" ಎನ್ನಿ. ಅಂಕಿ ಓದಿ ಬರೆಯುವ ಕೆಲಸ ಮಗುವಿನದು. ಮೂರು ಸಲ ಹಾಕಿಸಿ, ನಡುವಿನ ಅಂಕಿ ತೆಗೆದುಕೊಳ್ಳಿ. ಅವರು ದೂರದೂರಲ್ಲೋ ವಿದೇಶದಲ್ಲೋ ಇದ್ದರೆ ವಿಡಿಯೋ ಕರೆಯಲ್ಲಿ ಫೋನನ್ನು ಮುಖವಲ್ಲ, ಕೈ ಮತ್ತು ಪಾತ್ರೆ ಕಾಣುವಂತೆ ಇಡಿಸಿ.

ಮನೆಯಲ್ಲಿ ಅವರು ಬಳಸುತ್ತಿದ್ದ ಪಾವು, ಚಟಾಕು, ಮಸಾಲೆ ಡಬ್ಬಿಯ ಚಮಚ ಇದ್ದರೆ ಪುಸ್ತಕದ ಲೆಕ್ಕ ನಂಬದೆ ಅದನ್ನೇ ತುಂಬಿ ತೂಗಿ. ಪಾವಿನ ಅಳತೆ ಊರಿಂದ ಊರಿಗೆ ಬೇರೆ. ಮಸಾಲೆ ಡಬ್ಬಿಯ ಚಮಚವಂತೂ ಯಾವ ಟೀಚಮಚಕ್ಕೂ ಹೊಂದುವುದಿಲ್ಲ. ಉಪ್ಪು ಯಾವುದು ಎಂದೂ ಕೇಳಿ: ಒಂದೇ ಚಮಚದಲ್ಲಿ ಕಲ್ಲುಪ್ಪಿಗಿಂತ ಪುಡಿಯುಪ್ಪು ಹೆಚ್ಚು ತೂಗುತ್ತದೆ, ಅದು ಗೊತ್ತಿಲ್ಲದೆ ಸಾರು ಉಪ್ಪಾಗುತ್ತದೆ.

ಸಾರಿನ ಪುಡಿ: ಮೊದಲು ಸ್ವಲ್ಪವೇ

ಒಂದೇ ಸಲ ಕಿಲೋಗಟ್ಟಲೆ ಮಾಡಿ ಮಿಲ್ಲಿಗೆ ಕೊಡಬೇಡಿ. ಸುಮಾರು 100 ಗ್ರಾಂ ಪುಡಿ ಸಾಕು. ನಾಲ್ಕು ಜನರ ಸಾರಿಗೆ ಹದಿನೈದು ಸಲಕ್ಕಾಗುತ್ತದೆ.

- ಧನಿಯ 50 ಗ್ರಾಂ
- ಬ್ಯಾಡಗಿ ಮೆಣಸಿನಕಾಯಿ 30 ಗ್ರಾಂ, ತೊಟ್ಟು ಬಿಡಿಸಿದ್ದು
- ಜೀರಿಗೆ 10 ಗ್ರಾಂ
- ಕಾಳುಮೆಣಸು 5 ಗ್ರಾಂ
- ಮೆಂತ್ಯ 5 ಗ್ರಾಂ
- ಸಾಸಿವೆ 3 ಗ್ರಾಂ
- ಒರೆಸಿ ಒಣಗಿಸಿದ ಕರಿಬೇವು ಎರಡು ಎಸಳು
- ಕಡಲೆಕಾಳಿನಷ್ಟು ಗಟ್ಟಿ ಇಂಗು, ಕಾಲು ಚಮಚ ಅರಿಶಿನ

ಒಂದೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಧನಿಯಕ್ಕೆ ನಾಲ್ಕೈದು ನಿಮಿಷ ಬೇಕು, ಜೀರಿಗೆಗೆ ಒಂದೂವರೆ ನಿಮಿಷ. ಒಟ್ಟಿಗೆ ಹಾಕಿದರೆ ಒಂದು ಹಸಿ, ಒಂದು ಸೀದದ್ದು. ಮೆಂತ್ಯದ ಮೇಲೆ ಕಣ್ಣಿಡಿ. ಹೊಂಬಣ್ಣ ಬಂದ ಕೂಡಲೇ ತಟ್ಟೆಗೆ ಸುರಿಯಬೇಕು. ಕಂದು ತಿರುಗಿದರೆ ಕಹಿ, ಆ ಕಹಿಯನ್ನು ಬೆಲ್ಲ ಮುಚ್ಚುವುದಿಲ್ಲ. ಆ 5 ಗ್ರಾಂ ಎಸೆದು ಬೇರೆ ಹುರಿಯಿರಿ. ಮೆಣಸಿನಕಾಯನ್ನು ಕೊನೆಗೆ, ಅರ್ಧ ಚಮಚ ಎಣ್ಣೆಯಲ್ಲಿ ಗರಿಗರಿಯಾಗುವ ತನಕ ಹುರಿಯಿರಿ. ಕೆಲವು ಮನೆಗಳಲ್ಲಿ ಇಲ್ಲಿ ಹರಳೆಣ್ಣೆ ಬಳಸುತ್ತಾರೆ. ನಿಮ್ಮ ಮನೆಯ ಪುಡಿಗೆ "ಏನೋ ಒಂದು ವಾಸನೆ" ಇತ್ತು, ಅದು ಈಗ ಬರುತ್ತಿಲ್ಲ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಮೆಣಸಿನಕಾಯಿ ಹುರಿಯುವಾಗ ಕಿಟಕಿ ತೆಗೆದು ಮಗುವನ್ನು ಆಚೆ ಕಳಿಸಿ. ಘಾಟಿಗೆ ಕೆಮ್ಮು ಹತ್ತಿದರೆ ಆ ದಿನದ ಉತ್ಸಾಹ ಅಲ್ಲಿಗೆ ಮುಗಿಯಿತು.

ಅರ್ಧ ಗಂಟೆ ಪೂರ್ತಿ ಆರಲು ಬಿಟ್ಟು ಆಮೇಲೆ ಪುಡಿ ಮಾಡಿ. ಬಿಸಿಯಲ್ಲೇ ಮಿಕ್ಸಿಗೆ ಹಾಕಿದರೆ ಹಬೆ ನೀರಾಗಿ ಪುಡಿ ಗಂಟುಕಟ್ಟುತ್ತದೆ, ಬೇಗ ಮುಗ್ಗಲು ಬರುತ್ತದೆ.

ಈಗ ಫ್ರಿಜ್ಜಿನ ಶೀಶೆ ತೆಗೆಯಿರಿ. ಬಿಳಿ ತಟ್ಟೆಯ ಮೇಲೆ ಹಳೆಯದು ಒಂದು ಚಿಟಿಕೆ, ಹೊಸದು ಒಂದು ಚಿಟಿಕೆ. ಬಣ್ಣ, ಆಮೇಲೆ ವಾಸನೆ, ಆಮೇಲೆ ನಾಲಿಗೆ. ಹಳೆಯದು ಹೆಚ್ಚು ಕೆಂಪಾಗಿದ್ದರೆ ಬ್ಯಾಡಗಿ ಹೆಚ್ಚು ಬೇಕು. ಕಂದಾಗಿದ್ದರೆ ಅವರು ಧನಿಯವನ್ನು ಇನ್ನಷ್ಟು ಹುರಿಯುತ್ತಿದ್ದರು. ಖಾರ ಹೆಚ್ಚಿದ್ದರೆ ಗುಂಟೂರು ಮೆಣಸಿನಕಾಯಿ ಸ್ವಲ್ಪ ಸೇರಿಸುತ್ತಿದ್ದಿರಬೇಕು. ಹಳೆಯ ಪುಡಿಯ ಘಮ ತಿಂಗಳು ಕಳೆದಂತೆ ಇಳಿಯುವುದು ಸಹಜ, ಅದನ್ನು ಮಗುವಿಗೆ ಮೊದಲೇ ಹೇಳಿ. ವಿದೇಶದಲ್ಲಿ ಬ್ಯಾಡಗಿ ಸಿಗದಿದ್ದರೆ ಬಣ್ಣಕ್ಕೆ ಕಾಶ್ಮೀರಿ ಮೆಣಸಿನಕಾಯಿ ಹತ್ತಿರ ಬರುತ್ತದೆ.

ತಿಳಿಸಾರು, ನಾಲ್ಕು ಜನಕ್ಕೆ

ತೊಗರಿಬೇಳೆ 60 ಗ್ರಾಂ, ಟೊಮೆಟೊ 2, ಹುಣಸೆಹಣ್ಣು 10 ಗ್ರಾಂ, ಸಾರಿನ ಪುಡಿ 2 ಟೀಚಮಚ, ಪುಡಿಯುಪ್ಪು ಒಂದೂಕಾಲು ಟೀಚಮಚ, ಬೆಲ್ಲ ಒಂದು ಟೀಚಮಚ, ಅರಿಶಿನ. ಒಗ್ಗರಣೆಗೆ ತುಪ್ಪ 2 ಟೀಚಮಚ, ಸಾಸಿವೆ ಅರ್ಧ ಟೀಚಮಚ, ಇಂಗು, ಕರಿಬೇವು.

1. ಹುಣಸೆಹಣ್ಣನ್ನು ಅರ್ಧ ಲೋಟ ಬಿಸಿನೀರಲ್ಲಿ 15 ನಿಮಿಷ ನೆನೆಯಿಡಿ. ನೀರು ಉಗುರುಬೆಚ್ಚಗಾದ ಮೇಲೆ ಕಿವುಚುವುದು ಮಗುವಿಗೆ. ಎಷ್ಟು ಚಿಕ್ಕ ಮಗುವಾದರೂ ಇದನ್ನು ಮಾಡಬಲ್ಲದು, ಮಾತು ಶುರುವಾಗುವುದೂ ಹೆಚ್ಚಾಗಿ ಇಲ್ಲೇ.
2. ಬೇಳೆ ತೊಳೆದು, ಅರಿಶಿನ ಮತ್ತು ಒಂದು ಹನಿ ಎಣ್ಣೆ ಹಾಕಿ, ಒಂದು ಲೋಟ ನೀರಿನಲ್ಲಿ ಕುಕ್ಕರಿನಲ್ಲಿ 4 ಸೀಟಿ. ಉಪ್ಪು, ಹುಳಿ ಈಗ ಬೇಡ. ಹುಳಿ ಬಿದ್ದರೆ ಬೇಳೆ ಬೇಯುವುದು ನಿಧಾನ. ಕುಕ್ಕರನ್ನು ಮುಚ್ಚುವುದು, ತೆಗೆಯುವುದು ದೊಡ್ಡವರೇ.
3. ಹುಣಸೆರಸ, ಹೆಚ್ಚಿದ ಟೊಮೆಟೊ, ಪುಡಿ, ಉಪ್ಪು, ಬೆಲ್ಲ, ಎರಡು ಲೋಟ ನೀರು ಸೇರಿಸಿ 8ರಿಂದ 10 ನಿಮಿಷ ಕುದಿಸಿ. ಇಲ್ಲಿ ಅವಸರ ಮಾಡಿದರೆ ಹುಣಸೆಯ ಹಸಿವಾಸನೆ ಉಳಿಯುತ್ತದೆ.
4. ಬೇಳೆಯನ್ನು ಕಡೆಗೋಲಿನಿಂದ ಕಡೆದು, ಒಂದು ಲೋಟ ನೀರಿನ ಜೊತೆ ಸೇರಿಸಿ. ಅಂಚಿನಿಂದ ನೊರೆ ಎದ್ದು ಮೇಲೆ ಬಂದ ಕೂಡಲೇ ಒಲೆ ಆರಿಸಿ. ಬೇಳೆ ಹಾಕಿದ ಮೇಲೆ ಮರಳಮರಳ ಕುದಿಸಿದರೆ ಘಮ ಹಾರಿಹೋಗಿ ಸಾರು ಗಟ್ಟಿಯಾಗುತ್ತದೆ. ಹತ್ತು ನಿಮಿಷ ಬಿಟ್ಟರೆ ಬೇಳೆ ತಳಕ್ಕಿಳಿದು ತಿಳಿ ಮೇಲೆ ನಿಲ್ಲುತ್ತದೆ.
5. ತುಪ್ಪ ಕಾದ ಮೇಲೆ ಸಾಸಿವೆ. ಅದು ಸಿಡಿದು ಸದ್ದು ನಿಂತ ಮೇಲೆ ಉರಿ ಆರಿಸಿ, ಆಮೇಲೆ ಇಂಗು, ಕರಿಬೇವು. ಉರಿಯ ಮೇಲೆಯೇ ಇಂಗು ಹಾಕಿದರೆ ಸೀದು ಕಹಿಯಾಗುತ್ತದೆ.

ಯಾವ ವಯಸ್ಸಿಗೆ ಯಾವ ಕೆಲಸ

ಐದಾರು ವರ್ಷದವರು ಕರಿಬೇವು ಬಿಡಿಸಲಿ, ಹುಣಸೆ ಕಿವುಚಲಿ, ತಟ್ಟೆ ಇಡಲಿ. ಏಳರಿಂದ ಒಂಬತ್ತರವರು ತೂಗಿ ಬರೆದುಕೊಳ್ಳಲಿ, ಕುಟ್ಟಾಣಿಯಲ್ಲಿ ಜಜ್ಜಲಿ. ಹತ್ತು ದಾಟಿದವರು ಚಾಕು ಹಿಡಿಯಲಿ, ದೊಡ್ಡವರು ಪಕ್ಕದಲ್ಲಿದ್ದರೆ ಹುರಿಯಲಿ. ಒಗ್ಗರಣೆ ಹದಿಮೂರರ ಮೇಲೆ, ಅದೂ ಮುಚ್ಚಳ ಕೈಯಲ್ಲಿ ಹಿಡಿದು. ಒದ್ದೆ ಕರಿಬೇವು ಬಿದ್ದರೆ ತುಪ್ಪ ಮುಖಕ್ಕೆ ಸಿಡಿಯುತ್ತದೆ. ಸಡಿಲ ನೈಲಾನ್ ಬಟ್ಟೆ, ದುಪಟ್ಟಾ ಬೇಡ. ಬಾಣಲೆಯ ಹಿಡಿ ಒಳಕ್ಕೆ ತಿರುಗಿರಲಿ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಅರಿಶಿನ, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ.

"ಅಜ್ಜಿ ಮಾಡಿದ ಹಾಗಿಲ್ಲ"

ಮೊದಲ ತುತ್ತಿಗೆ ಬಹುತೇಕ ಮಕ್ಕಳು ಹೇಳುವುದು ಇದನ್ನೇ. ದೊಡ್ಡವರ ಬಾಯಿಂದ ತಕ್ಷಣ "ಇಲ್ಲ ಪುಟ್ಟ, ಥೇಟ್ ಅಜ್ಜಿ ಸಾರೇ!" ಎಂದು ಬರುತ್ತದೆ. ದಯವಿಟ್ಟು ಹೇಳಬೇಡಿ. ಮಗುವಿನ ನಾಲಿಗೆಗೆ ಸತ್ಯ ಗೊತ್ತು. ಸಾವಿನ ವಿಷಯದಲ್ಲಿ ನಿಜ ಹೇಳಿದವರು ಸಾರಿನ ವಿಷಯದಲ್ಲೂ ನಿಜವನ್ನೇ ಹೇಳಬೇಕು. ಇಲ್ಲಿ ಸುಳ್ಳಾಡಿದರೆ ಅಲ್ಲಿ ಹೇಳಿದ್ದರ ಮೇಲೂ ನಂಬಿಕೆ ಹೋಗುತ್ತದೆ. "ಹೌದು, ಅದೇ ರುಚಿ ಬಂದಿಲ್ಲ. ಏನು ಕಮ್ಮಿ ಅನ್ಸತ್ತೆ ಹೇಳು" ಎಂದು ಕೇಳಿ. ಆಗ ಮಗು ಅಜ್ಜಿಯ ಸಾರನ್ನು ಇದ್ದದ್ದು ಇದ್ದ ಹಾಗೆ ನೆನಪಿಸಿಕೊಳ್ಳಲು ತೊಡಗುತ್ತದೆ. ಹುಳಿ ಇತ್ತಾ, ಸಿಹಿ ಇತ್ತಾ, ಮೇಲೆ ತುಪ್ಪ ತೇಲುತ್ತಿತ್ತಾ? ಇಡೀ ಕೆಲಸದಲ್ಲಿ ಮಗುವಿಗೆ ಅತಿ ಹೆಚ್ಚು ಸಿಗುವುದು ಈ ಹುಡುಕಾಟದಲ್ಲೇ.

ರುಚಿ ತಪ್ಪಲು ನಿಜವಾದ ಕಾರಣಗಳೂ ಇರುತ್ತವೆ. ಪುಡಿ ಇಂಗಿನಲ್ಲಿ ಹಿಟ್ಟು ಸೇರಿರುತ್ತದೆ, ಗಟ್ಟಿ ಇಂಗಿನಷ್ಟು ಜೋರಿರುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಬೇಳೆ ಕರಗುವ ಹಾಗೆ ಬೇಯುವುದಿಲ್ಲ. ಒಂದು ಸಲ ಫಿಲ್ಟರ್ ನೀರಲ್ಲಿ ಬೇಯಿಸಿ ನೋಡಿ. ಹೊಸ ಹುಣಸೆ ಒಂದು ಹುಳಿ, ವರ್ಷ ಹಳೆಯ ಕಪ್ಪು ಹುಣಸೆ ಇನ್ನೊಂದು. ಅವರು ಸಾರು ಕುದಿಸುತ್ತಿದ್ದ ಪಾತ್ರೆ ಅಟ್ಟದಲ್ಲಿದ್ದರೆ ಇಳಿಸಿ, ಆದರೆ ಹಿತ್ತಾಳೆಯದಾದರೆ ಒಳಗಿನ ಕಲಾಯಿ ನೋಡಿ. ಕಲಾಯಿ ಸವೆದಿದ್ದರೆ ಹುಣಸೆಹುಳಿಗೆ ಕಿಲುಬು ಬಿಟ್ಟು ಹೊಟ್ಟೆ ಕೆಡುತ್ತದೆ. ಕಲಾಯಿ ಹಾಕಿಸಿಯೇ ಬಳಸಬೇಕು.

ಮುಂದಿನ ಸಲ ಒಂದೇ ಒಂದನ್ನು ಬದಲಿಸಿ. ಇಂಗು, ಬೆಲ್ಲ, ನೀರು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಬದಲಿಸಿದ್ದು, ಮಗುವಿನ ತೀರ್ಪು ಮಗುವಿನ ಮಾತಿನಲ್ಲೇ ಇರಲಿ: "ಹುಳಿ ಸರಿ, ವಾಸನೆ ಇಲ್ಲ."

ನಡುವೆ ಅತ್ತರೆ

ಒಗ್ಗರಣೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಅಳು ಬರುವುದುಂಟು. ವಾಸನೆಯ ನರಗಳು ಮಿದುಳಿನಲ್ಲಿ ಭಾವನೆ, ನೆನಪುಗಳ ಭಾಗಗಳಿಗೆ ಬಹಳ ನೇರವಾಗಿ ಜೋಡಿಕೊಂಡಿವೆ. ಯೋಚಿಸುವ ಮೊದಲೇ ನೆನಪು ನುಗ್ಗುತ್ತದೆ. ಒಲೆ ಆರಿಸಿ. ಕೆಳಗೆ ಕೂತು ಪಕ್ಕಕ್ಕೆ ಎಳೆದುಕೊಳ್ಳಿ. "ಅಳಬೇಡ" ಎನ್ನುವ ಬದಲು "ಅಜ್ಜಿ ನೆನಪಾದ್ರಾ? ನಂಗೂ ಆಯ್ತು" ಎನ್ನಿ. ನಿಮಗೂ ಅಳು ಬಂದರೆ ಮುಚ್ಚಿಟ್ಟುಕೊಳ್ಳಬೇಕಿಲ್ಲ. ಸಾರು ಆಮೇಲೆ ಮುಂದುವರಿಸಬಹುದು, ನಾಳೆಗೂ ಇಡಬಹುದು.

ಐದು ನಿಮಿಷ ಅತ್ತ ಮಗು ಆರನೇ ನಿಮಿಷಕ್ಕೆ ಬ್ಯಾಟು ಹಿಡಿದು ಓಡಿದರೆ ನೆಂಟರು "ಇದಕ್ಕೆ ಏನೂ ಅನ್ನಿಸಿಲ್ಲ" ಅನ್ನುತ್ತಾರೆ. ಮಕ್ಕಳ ದುಃಖ ಹಾಗೆಯೇ ತುಣುಕುತುಣುಕಾಗಿ ಬಂದು ಹೋಗುತ್ತದೆ. ಕರೆದು ಕೂರಿಸಬೇಡಿ, ಉಳಿದ ಕೆಲಸ ನೀವು ಮುಗಿಸಿ, ಊಟಕ್ಕೆ ಕರೆಯಿರಿ. ಮಾಡಿದ್ದನ್ನು ತಿನ್ನದಿದ್ದರೂ ಒತ್ತಾಯ ಬೇಡ. "ಅಮ್ಮನಿಗೋಸ್ಕರ ಒಂದು ತುತ್ತು" ಎಂಬ ಮಾತು ಸತ್ತವರನ್ನು ಮುಂದಿಟ್ಟು ಬಲವಂತ ಮಾಡಿದಂತೆ.

ಅಡುಗೆ ಮಗುವಿನ ತಲೆಗೆ ಬೀಳದಿರಲಿ

ಇದನ್ನು ಕಟ್ಟುನಿಟ್ಟಾಗಿ ಹೇಳಬೇಕು. ತಾಯಿ ತೀರಿಕೊಂಡ ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಹೆಣ್ಣುಮಗು ಸಾರು ಮಾಡಲು ಕಲಿತರೆ, ತಿಂಗಳೊಳಗೆ ಇಡೀ ಮನೆಯ ಅಡುಗೆ ಅವಳದಾಗುತ್ತದೆ. "ಇನ್ಮೇಲೆ ನೀನೇ ಈ ಮನೆಗೆ ಅಮ್ಮ" ಎಂದು ಯಾರಾದರೂ ಹೊಗಳಿದರೆ ಅಲ್ಲೇ ತಡೆಯಿರಿ. ಅವಳು ಮಗುವಾಗಿ ಅಳಲು ಇದ್ದ ಜಾಗವನ್ನು ಆ ಮಾತು ಕಿತ್ತುಕೊಳ್ಳುತ್ತದೆ. ವಾರಕ್ಕೊಮ್ಮೆ, ಮಗುವಿಗೆ ಇಷ್ಟವಿದ್ದಾಗ, ದೊಡ್ಡವರ ಜೊತೆಯಲ್ಲಿ ಮಾತ್ರ. ಪಾತ್ರೆ ತೊಳೆಯುವುದು ದೊಡ್ಡವರೇ. ಹಾಗೆಯೇ "ಗಂಡುಹುಡುಗನಿಗೆ ಒಲೆ ಮುಂದೆ ಏನು ಕೆಲಸ" ಎಂದು ಮಗನನ್ನು ಆಚೆ ಕಳಿಸಬೇಡಿ. ಅಜ್ಜಿಯ ಮಡಿಲಲ್ಲಿ ಬೆಳೆದವನು ಅವನೂ ಹೌದು.

ತಿಥಿ, ಎಡೆ, ಹಬ್ಬ

ಮೊದಲ ಯುಗಾದಿ, ಮೊದಲ ಹುಟ್ಟುಹಬ್ಬ, ವರ್ಷದ ತಿಥಿ ಕಷ್ಟದ ದಿನಗಳು. ಒಂದು ವಾರ ಮುಂಚೆಯೇ ಮಗುವಿಗೆ ತಿಳಿಸಿ. ಪಿತೃಪಕ್ಷದಲ್ಲಿ ಎಡೆ ಇಡುವ ಮನೆಗಳಲ್ಲಿ ಹೋದವರಿಗೆ ಇಷ್ಟವಾದದ್ದನ್ನು ಬಡಿಸುವ ರೂಢಿಯಿದೆ. ಮಗು ಮಾಡಿದ ಒಂದು ಪದಾರ್ಥಕ್ಕೆ ಅಲ್ಲಿ ಜಾಗ ಕೊಡಿ. ಮಡಿಯ ಅಡುಗೆಯಾದ್ದರಿಂದ ಆಗದು ಎಂದಾದರೆ ಎಲೆ ಒರೆಸುವುದು, ಉಪ್ಪು ಬಡಿಸುವುದು ಹೀಗೆ ಏನಾದರೂ ಮಗುವಿನ ಪಾಲಿಗಿರಲಿ.

ಅಡುಗೆ ಸಾಲದಾದಾಗ

ವಾರಗಟ್ಟಲೆ ಶಾಲೆಗೆ ಹೋಗಲು ಒಲ್ಲೆ ಎನ್ನುವುದು, ತೂಕ ಇಳಿಯುವುದು, ನಿದ್ದೆ ಬಾರದಿರುವುದು, ಯಾರ ಜೊತೆಗೂ ಆಡದಿರುವುದು, ತಿಂಗಳುಗಳಾದರೂ ತನ್ನಿಂದಲೇ ಸಾವಾಯಿತೆಂದು ಹೇಳುತ್ತಿರುವುದು ಕಂಡರೆ ಮಕ್ಕಳ ಮನೋವೈದ್ಯರನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಆರು ತಿಂಗಳಾದರೂ ತೀವ್ರತೆ ಇಳಿಯದೆ ದಿನದ ಬದುಕೇ ನಿಂತಿದ್ದರೆ ಕಾಯಬೇಡಿ. "ನಾನೂ ಅಮ್ಮನ ಹತ್ತಿರ ಹೋಗ್ತೀನಿ" ಎಂದು ಚಿಕ್ಕಮಗು ಹೇಳಿದರೆ ಗಾಬರಿಯಾಗದೆ "ಹೋಗೋದು ಅಂದ್ರೆ ಹೇಗೆ?" ಎಂದು ಕೇಳಿ, ಬರೀ ನೋಡುವ ಆಸೆಯೂ ಆಗಿರಬಹುದು. ಸಾಯುವ ಮಾತಾದರೆ, ಮುಖ್ಯವಾಗಿ ಹತ್ತು ದಾಟಿದವರಲ್ಲಿ, ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.